ಅಕ್ಕನ ಮಗಳ ಹೆಡ್‌ಸೆಟ್

ಅಕ್ಕನ ಮಗಳು ಪೈಲಟ್ ಆಗಲು ಕಲಿಯುತ್ತಿದ್ದಾಳೆ. ರಜೆಗೆ ಮಡಿಕೇರಿಗೆ ಬಂದವಳು, ಕಣ್ಣಿಗೆ ಹಾಕಿಕೊಂಡರೆ ಕಂಪ್ಯೂಟರ್ ತೋರಿಸುವ ಲೋಕವೇ ಸುತ್ತಲೂ ಕಾಣುವ ಒಂದು ವಿಆರ್ ಹೆಡ್‌ಸೆಟ್ ತಂದಿದ್ದಾಳೆ. ಬೆಳಿಗ್ಗೆ ಕಾಫಿ ಆದ ಮೇಲೆ ಅದನ್ನು ತಲೆಗೆ ಕಟ್ಟಿಕೊಂಡು ಜಗಲಿಯ ಬೆತ್ತದ ಕುರ್ಚಿಯಲ್ಲಿ ಕೂರುತ್ತಾಳೆ. ಕೈ ಗಾಳಿಯಲ್ಲಿ ಓಡಾಡುತ್ತದೆ. ಫ್ಯೂಯಲ್ ಪಂಪ್, ಮಿಕ್ಸ್ಚರ್, ಫ್ಲಾಪ್ ಅಂತ ಬಾಯಲ್ಲಿ ಹೇಳಿಕೊಳ್ಳುತ್ತಾ ಒಂದೊಂದೇ ಸ್ವಿಚ್ಚಿಗೆ ಬೆರಳು ಚಾಚುತ್ತಾಳೆ. ಎಂಜಿನ್ ಕೈಕೊಟ್ಟರೆ ಏನು ಮಾಡಬೇಕು ಅನ್ನೋದನ್ನು ಮೊನ್ನೆ ಒಂದೇ ಬೆಳಿಗ್ಗೆ 15 ಸಲ ಮಾಡಿದಳು. ನಿಜವಾದ ವಿಮಾನದಲ್ಲಿ ಇದನ್ನು ಇಷ್ಟು ಸಲ ಮಾಡಲು ಯಾರು ಬಿಡುತ್ತಾರೆ, ಖರ್ಚು ಯಾರು ಕೊಡುತ್ತಾರೆ? ಗೋಡೆಗೆ ಕಾಕ್‌ಪಿಟ್ ಚಿತ್ರ ಅಂಟಿಸಿ, ಎದುರು ಕುರ್ಚಿ ಹಾಕಿ ಇದನ್ನೇ ಅಭ್ಯಾಸ ಮಾಡುವವರು ಈಗಲೂ ಇದ್ದಾರೆ. ಅದಕ್ಕಿಂತ ಇದು ಎಷ್ಟೋ ಮೇಲು.

ಆದರೆ ನನಗೆ ಭಯ ಹುಟ್ಟಿಸಿದ ಮಾತೊಂದಿದೆ. "ಹಾರಾಟ ಕಡಿಮೆ ಸಾಕು, ಉಳಿದದ್ದು ವಿಆರ್‌ನಲ್ಲೇ ಆಗುತ್ತೆ" ಎಂದು ಒಂದು ತರಬೇತಿ ಸಂಸ್ಥೆಯವರು ಅಕ್ಕನಿಗೆ ಫೋನಿನಲ್ಲಿ ಹೇಳಿದ್ದರು. ನಮ್ಮ ದೇಶದಲ್ಲಿ ಕಮರ್ಷಿಯಲ್ ಲೈಸೆನ್ಸ್‌ಗೆ 200 ಗಂಟೆ ಹಾರಾಟ ಬೇಕು. ಕುರ್ಚಿಯಲ್ಲಿ ಕೂತ ಗಂಟೆ ಅದಕ್ಕೆ ಸೇರುವುದಿಲ್ಲ.

ಯಾಕೆ ಸೇರಬಾರದು ಅನ್ನೋದು ಹೆಡ್‌ಸೆಟ್ ಹಾಕಿಕೊಂಡಾಗ ನನಗೇ ಗೊತ್ತಾಯಿತು. ಅವಳು ಮಂಜು ಹಾಕಿಕೊಟ್ಟಳು. ಕೊಡಗಿನವರಿಗೆ ಮಂಜು ಹೊಸದಾ? ಕಾರಿನ ಲೈಟ್ ಎದುರಿನ ಬಿಳಿ ಗೋಡೆಯನ್ನು ಎಷ್ಟು ಸಲ ನೋಡಿಲ್ಲ. ಆದರೆ ಗಾಳಿಯಲ್ಲಿ ಮಂಜು ಬೇರೆಯೇ. ವಿಮಾನ ನಿಧಾನಕ್ಕೆ ತಿರುಗುತ್ತಾ ಇದ್ದರೆ ಸ್ವಲ್ಪ ಹೊತ್ತಿಗೆ ಒಳಕಿವಿಯ ದ್ರವ ಅದಕ್ಕೆ ಹೊಂದಿಕೊಂಡುಬಿಡುತ್ತದೆ. ನೇರ ಹೋಗುತ್ತಿದ್ದೇವೆ ಎಂದೇ ಅನಿಸುತ್ತದೆ. ಸರಿ ಮಾಡಿದರೆ ಇನ್ನೊಂದು ಕಡೆಗೆ ವಾಲಿದ ಹಾಗಾಗುತ್ತದೆ. ಆ ಹೊತ್ತಲ್ಲಿ ಮೈ ಹೇಳಿದ್ದನ್ನು ಬಿಟ್ಟು ಮೀಟರ್ ನಂಬಬೇಕು. ಕುರ್ಚಿಯಲ್ಲಿ ಕೂತ ನನ್ನ ಕಿವಿಗೆ ಇದ್ಯಾವುದೂ ಆಗಲಿಲ್ಲ. ಕಣ್ಣು ತಿರುಗಿತು, ಮೈ ಅಲ್ಲೇ ಇತ್ತು. 10 ನಿಮಿಷಕ್ಕೆ ಹೊಟ್ಟೆ ತೊಳಸಿತು, ಅಷ್ಟೇ.

2021ರಲ್ಲಿ ಯುರೋಪಿನ ವಿಮಾನ ಸುರಕ್ಷತಾ ಸಂಸ್ಥೆ ಮೊದಲ ಸಲ ಒಂದು ವಿಆರ್ ತರಬೇತಿ ಯಂತ್ರಕ್ಕೆ ಮಾನ್ಯತೆ ಕೊಟ್ಟಿತು. ಸ್ವಿಟ್ಜರ್ಲೆಂಡಿನ ವಿಆರ್‌ಎಂ ಕಂಪನಿಯದ್ದು, ರಾಬಿನ್ಸನ್ ಆರ್22 ಹೆಲಿಕಾಪ್ಟರ್ ಕಲಿಯಲು. ಅದು ಬರೀ ಹೆಡ್‌ಸೆಟ್ ಅಲ್ಲ. ಕೆಳಗೆ ಅಲುಗಾಡುವ ವೇದಿಕೆ ಇದೆ, ಕೈಗೆ ಹಿಡಿಯಲು ನಿಜವಾದ ಕಂಟ್ರೋಲ್ ಇದೆ. ಮಿಕ್ಸ್‌ಡ್ ರಿಯಾಲಿಟಿ ಎಂಬ ಬಗೆಯಲ್ಲಿ ಇನ್ನೂ ಒಂದು ಅನುಕೂಲ. ಕ್ಯಾಮೆರಾ ಮೂಲಕ ನಮ್ಮದೇ ಕೈ, ಮುಂದಿನ ನಿಜವಾದ ಸ್ವಿಚ್ ಕಾಣುತ್ತವೆ. ಕಿಟಕಿಯಾಚೆಗಿನ ಆಕಾಶ ಮಾತ್ರ ಕಂಪ್ಯೂಟರಿನದು. ಕೈಗೆ ಸ್ವಿಚ್ಚಿನ ಅಭ್ಯಾಸ ಹಾಗೇ ತಾನೇ ಆಗಬೇಕು?

ತೋಟ ಅಡ ಇಟ್ಟು ಫೀಸ್ ಕಟ್ಟುವ ಅಪ್ಪ ಅಮ್ಮಂದಿರೇ, ದಯವಿಟ್ಟು ಕೇಳಿ. ಆಕಾಶದಲ್ಲಿ ಎಷ್ಟು ಗಂಟೆ, ಮಾನ್ಯತೆ ಇರುವ ತರಬೇತಿ ಯಂತ್ರ, ಅಂದರೆ ಸಿಮ್ಯುಲೇಟರ್‌ನಲ್ಲಿ ಎಷ್ಟು ಗಂಟೆ, ಬರೀ ಹೆಡ್‌ಸೆಟ್‌ನಲ್ಲಿ ಎಷ್ಟು? ಬರೆದು ಕೊಡಲಿ.

ಹಾಗಂತ ಹೆಡ್‌ಸೆಟ್ ಬೇಡ ಎನ್ನುತ್ತಿಲ್ಲ. ಕೊಡಗಿಗೆ ಅದು ಜಾಸ್ತಿಯೇ ಬೇಕು. 1965ರ ಯುದ್ಧದಲ್ಲಿ ಪ್ರಾಣ ಕೊಟ್ಟ ವಾಯುಪಡೆಯ ಸ್ಕ್ವಾಡ್ರನ್ ಲೀಡರ್ ಅಜ್ಜಮಾಡ ದೇವಯ್ಯ ಅವರ ಹೆಸರಿನ ವೃತ್ತ ದಾಟಿಕೊಂಡು ನಮ್ಮ ಮಕ್ಕಳು ಶಾಲೆಗೆ ಹೋಗುತ್ತಾರೆ. ಆದರೆ ಜಿಲ್ಲೆಯಲ್ಲಿ ಒಂದು ವಿಮಾನ ನಿಲ್ದಾಣ ಇಲ್ಲ. ಕಾಕ್‌ಪಿಟ್ ಹೇಗಿರುತ್ತದೆ, ಇದು ತನಗೆ ಒಗ್ಗುತ್ತಾ ಎಂದು ಸಾಲ ಮಾಡುವ ಮುಂಚೆ ತಿಳಿಯಲು ಇದಕ್ಕಿಂತ ಸುಲಭದ ದಾರಿ ನನಗೆ ಕಾಣುತ್ತಿಲ್ಲ.

ಮುಂದಿನ ವಾರ ಅವಳು ವಾಪಸ್ ಹೊರಡುತ್ತಾಳೆ. ಹೆಡ್‌ಸೆಟ್ ಸ್ವಲ್ಪ ದಿನ ಇಲ್ಲೇ ಇರಲಿ ಎಂದು ಕೇಳಿದ್ದೇನೆ. ಪಕ್ಕದ ಮನೆಯ ಎಂಟನೇ ಕ್ಲಾಸಿನ ಹುಡುಗ ಎರಡು ಸಲ ಬಂದು, ಬಾಗಿಲಲ್ಲೇ ನಿಂತು ನೋಡಿ ಹೋಗಿದ್ದಾನೆ.