ಫೋನಲ್ಲಾದ್ರೂ ಸರಿ, ನಮ್ಮ ಕೇಸ್ ಕೇಳೋರು ಒಬ್ರು ಬೇಕು

ಎಂಎಸ್‌ಡಬ್ಲ್ಯೂ (ಸಮಾಜಕಾರ್ಯದ ಮಾಸ್ಟರ್ಸ್ ಡಿಗ್ರಿ) ಓದುವಾಗ ಐಸಿ, ಜಿಸಿ ಅಂತ, ಅಂದ್ರೆ ಸೂಪರ್‌ವೈಸರ್ ಜೊತೆ ಒಬ್ಬೊಬ್ರಾಗಿ, ಗುಂಪಾಗಿ ಕೂತು ಮಾತಾಡೋದು, ವಾರ ವಾರ ಇರ್ತಿತ್ತು, ಫೀಲ್ಡ್‌ವರ್ಕ್ ರಿಪೋರ್ಟ್ ಹಿಡ್ಕೊಂಡು ಸೂಪರ್‌ವೈಸರ್ ಮುಂದೆ ಕೂತ್ರೆ "ಆ ತಾಯಿ ಸುಮ್ನಾದಾಗ ನೀನ್ಯಾಕಮ್ಮ ಮಾತು ಬದಲಾಯಿಸ್ದೆ?" ಅಂತ ಸಾಲು ಸಾಲು ಬಿಡಿಸಿ ಕೇಳೋರು. ಕೆಲಸಕ್ಕೆ ಸೇರಿದ ಮೇಲೆ ಅದು ನಿಂತೇ ಹೋಗುತ್ತೆ. ಆಮೇಲೆ ಫೋನ್ ಬರೋದೆಲ್ಲ ಎಂಪಿಆರ್ (ತಿಂಗಳ ವರದಿ) ಕಳ್ಸಿದ್ರಾ, ಫೋಟೋ ಹಾಕಿದ್ರಾ, ಟಾರ್ಗೆಟ್ ಎಷ್ಟಾಯ್ತು ಅನ್ನೋಕೆ. ಸೂಪರ್‌ವಿಶನ್‌ಗೆ, ಅಂದ್ರೆ ಸೀನಿಯರ್ ಒಬ್ರು ನಮ್ಮ ಕೇಸ್ ಕೇಳಿ ದಾರಿ ತೋರ್ಸೋದಕ್ಕೆ, ಮೂರು ಕೆಲಸ ಇದೆ, ಆಡಳಿತ, ಕಲಿಕೆ, ಬೆಂಬಲ ಅಂತ ಅಮೆರಿಕದ ಸಮಾಜಕಾರ್ಯದ ಪ್ರೊಫೆಸರ್ ಆಲ್ಫ್ರೆಡ್ ಕಡುಶಿನ್ 1976ರಲ್ಲೇ ಬರೆದಿಟ್ರು, ನಾವೆಲ್ಲ ಪರೀಕ್ಷೆಗೆ ಓದಿ ಬರೆದಿದ್ದೀವಿ. ಫೀಲ್ಡಲ್ಲಿ ನಮಗೆ ಸಿಗ್ತಿರೋದು ಮೊದಲನೇದು ಮಾತ್ರ.

ಇದು ನಮ್ಮ ಚಿಕ್ಕಮಗಳೂರು ಜಿಲ್ಲೇಲಿ ಇನ್ನೂ ಜಾಸ್ತಿ. ಕಳಸದಿಂದ ಚಿಕ್ಕಮಗಳೂರಿಗೆ ಬರ್ಬೇಕು ಅಂದ್ರೆ ಹತ್ತತ್ರ 90 ಕಿಲೋಮೀಟರ್, ತಿರುವು ರಸ್ತೆ, ಮಳೆಗಾಲದಲ್ಲಿ ಎಲ್ಲಾದ್ರೂ ಮರ ಬಿತ್ತು ಅಂದ್ರೆ ಅವತ್ತಿನ ದಿನ ಮುಗೀತು. ಕೊಪ್ಪ, ಶೃಂಗೇರಿ, ಮೂಡಿಗೆರೆ ಕಡೆ ಒಬ್ಬೊಬ್ರೇ ಕೆಲಸ ಮಾಡೋ ಹುಡುಗೀರಿದ್ದಾರೆ, 23-24 ವಯಸ್ಸು, ಬೆಳಗ್ಗೆ ಎಸ್ಟೇಟ್ ಕೂಲಿಯವರ ಲೈನ್ ಮನೆಗೆ ಹೋಗಿ ಒಂದು ಮಗು ಬಾಯಿಬಿಟ್ಟು ಹೇಳಿದ್ದನ್ನ ಕೇಳಿಸ್ಕೊಂಡು, ಪೊಲೀಸ್ ಠಾಣೆ, ಆಸ್ಪತ್ರೆ, ಸಿಡಬ್ಲ್ಯೂಸಿ (ಮಕ್ಕಳ ಕಲ್ಯಾಣ ಸಮಿತಿ) ಅಂತ ಓಡಾಡಿ, ರಾತ್ರಿ ರೂಮಿಗೆ ಬಂದು ಯಾರ ಹತ್ರನೂ ಹೇಳ್ಕೊಳ್ಳೋ ಹಾಗಿಲ್ಲ, ಮನೆಯವರ ಹತ್ರ ಹೇಳೋದು ತಪ್ಪು, ಆಫೀಸಲ್ಲಿ ಕೇಳೋರಿಲ್ಲ. ಒಂದೆರಡು ವರ್ಷಕ್ಕೆ ಕೆಲಸ ಬಿಟ್ಟು ಬ್ಯಾಂಕ್ ಕೋಚಿಂಗ್‌ಗೆ ಸೇರ್ಕೊಳ್ತಾರೆ. ಇವರಿಗೆ ತಾಳ್ಮೆ ಇಲ್ಲ ಅಂತ ಮಾತಾಡೋರನ್ನ ಕಂಡ್ರೆ ನಂಗೆ ನಿಜವಾಗ್ಲೂ ಸಿಟ್ಟು ಬರುತ್ತೆ.

ಅದಕ್ಕೇ ಹೇಳ್ತಿರೋದು, ಫೋನಲ್ಲಿ ಸೂಪರ್‌ವಿಶನ್ ಶುರು ಮಾಡಿ. ವಿಡಿಯೋ ಬೇಡ, ನಮ್ಮ ಕಡೆ ನೆಟ್‌ವರ್ಕಿಗೆ ಅರ್ಧ ಗಂಟೆ "ಕೇಳಿಸ್ತಿದ್ಯಾ" ಅನ್ನೋದ್ರಲ್ಲೇ ಹೋಗುತ್ತೆ, ಸಾದಾ ಕಾಲ್ ಸಾಕು. "ಫೋನಲ್ಲಿ ಅದೆಲ್ಲ ಆಗುತ್ತಾ ಮೇಡಂ" ಅಂತಾರೆ. ಯಾಕಾಗಲ್ಲ? 2022ರ ಅಕ್ಟೋಬರ್ 10ಕ್ಕೆ ಟೆಲಿ ಮಾನಸ್ ಶುರುವಾಯ್ತು, 14416ಕ್ಕೆ ಯಾರು ಬೇಕಾದ್ರೂ ಫೋನ್ ಮಾಡಿ ಮನಸ್ಸಿನ ಕಷ್ಟ ಹೇಳ್ಕೋಬಹುದು. ಜನರಿಗೆ ಫೋನಲ್ಲಿ ಕೌನ್ಸೆಲಿಂಗ್ ಕೊಡಬಹುದು ಅಂತ ಸರ್ಕಾರನೇ ಒಪ್ಪಿರುವಾಗ ಕೌನ್ಸೆಲಿಂಗ್ ಮಾಡೋರಿಗೆ ಫೋನಲ್ಲಿ ಮಾರ್ಗದರ್ಶನ ಯಾಕೆ ಆಗಬಾರ್ದು? ಸಂಜೀವ್ ಅರೋರಾ ಅನ್ನೋ ಡಾಕ್ಟ್ರು 2003ರಲ್ಲಿ ಅಮೆರಿಕದ ನ್ಯೂ ಮೆಕ್ಸಿಕೋದಲ್ಲಿ ಎಕೋ ಅಂತ ಶುರು ಮಾಡಿದ್ರು, ಹಳ್ಳಿ ಕಡೆ ಡಾಕ್ಟರುಗಳು ದೂರದಿಂದಲೇ ತಮ್ಮ ಹೆಪಟೈಟಿಸ್ ಸಿ ಕೇಸ್‌ಗಳನ್ನ ತಜ್ಞರ ಮುಂದಿಟ್ಟು ಚರ್ಚೆ ಮಾಡೋದು. 2011ರಲ್ಲಿ ಫಲಿತಾಂಶ ಪ್ರಕಟ ಆಯ್ತು, ಗುಣ ಆದವರು ಯೂನಿವರ್ಸಿಟಿ ಆಸ್ಪತ್ರೇಲಿ 57.5%, ಹಳ್ಳಿ ಕಡೆ ಮತ್ತು ಜೈಲಿನ ಕ್ಲಿನಿಕ್‌ಗಳಲ್ಲಿ 58.2%. ನಮ್ಮ ನಿಮ್ಹಾನ್ಸ್ ಕೂಡ ಇದೇ ರೀತೀಲಿ ತರಬೇತಿ ಮಾಡಿದೆ. ಅಂದ್ಮೇಲೆ ದೂರ ಇದೆ ಅನ್ನೋದು ನೆಪ ಅಷ್ಟೇ.

ಆದ್ರೆ ಇದಕ್ಕೊಂದು ಶಿಸ್ತು ಬೇಕೇ ಬೇಕು. ದಿನ, ಟೈಮ್ ಮೊದಲೇ ಫಿಕ್ಸ್ ಆಗಿರ್ಬೇಕು, ಬಸ್ಸಲ್ಲಿ ನಿಂತ್ಕೊಂಡು ಮಾತಾಡೋ ವಿಷಯ ಅಲ್ಲ ಇದು. ಒಂದು ಸಲಕ್ಕೆ ಒಂದು ಅಥವಾ ಎರಡು ಕೇಸ್, ಮಗುವಿನ ಹೆಸರಿಲ್ಲ, ಊರಿಲ್ಲ, ಶಾಲೆ ಇಲ್ಲ. ದಯವಿಟ್ಟು ವಾಟ್ಸಾಪ್ ಗ್ರೂಪಿಗೆ ವಾಯ್ಸ್ ಮೆಸೇಜ್ ಹಾಕ್ಬೇಡಿ, ಅದು ಎಲ್ಲೆಲ್ಲಿ ಫಾರ್ವರ್ಡ್ ಆಗುತ್ತೋ ಯಾರಿಗ್ಗೊತ್ತು. ಬಾಲನ್ಯಾಯ ಕಾಯ್ದೆ 2015ರ ಸೆಕ್ಷನ್ 74 ಪ್ರಕಾರ ಮಗುವಿನ ಗುರುತು ಬಹಿರಂಗ ಮಾಡಿದ್ರೆ ಆರು ತಿಂಗಳವರೆಗೆ ಜೈಲು ಅಥವಾ ಎರಡು ಲಕ್ಷದವರೆಗೆ ದಂಡ, ಅಥವಾ ಎರಡೂ. ಕಾನೂನು ಇಲ್ದಿದ್ರೂ ಆ ಮಗು ನಮ್ಮನ್ನ ನಂಬಿ ಹೇಳಿದ್ದು. ಇನ್ನು, ಕೆಲವು ವಿಷಯ ಫೋನಲ್ಲಿ ಗೊತ್ತಾಗಲ್ಲ. ಹುಡುಗಿ "ಚೆನ್ನಾಗಿದ್ದೀನಿ ಮೇಡಂ" ಅಂತಾಳೆ, ಊಟ ಮಾಡಿ ಎರಡು ದಿನ ಆಗಿರುತ್ತೆ. ಹಾಗಾಗಿ ಆಗಾಗ ಸೀನಿಯರ್ ಒಬ್ರು ಅಲ್ಲಿಗೇ ಹೋಗಿ ಜೊತೇಲಿ ಹೋಂ ವಿಸಿಟ್ ಮಾಡ್ಲೇಬೇಕು.

ಆಡಿಯೋದಲ್ಲಿ ಕಲಿಯೋದರ ಬಗ್ಗೆನೂ ಇದೇ ಆಸೆ. ದಿನಕ್ಕೆ ಎರಡು ಮೂರು ಗಂಟೆ ಬಸ್ಸಲ್ಲೇ ಇರ್ತೀವಿ, ಘಾಟಿ ತಿರುವಲ್ಲಿ ಪಿಡಿಎಫ್ ಓದಿದ್ರೆ ವಾಂತಿ ಬರುತ್ತೆ, ಕೇಳೋದಾದ್ರೆ ಆರಾಮಾಗಿ ಕೇಳಬಹುದು. ಆದ್ರೆ ಹುಡುಕಿದ್ರೆ ಸಿಗೋದು ಬಹುಪಾಲು ಇಂಗ್ಲಿಷ್, ಉದಾಹರಣೆ ಎಲ್ಲ ಲಂಡನ್ನು, ಚಿಕಾಗೋ. ನಮಗೆ ಬೇಕಿರೋದು ಕನ್ನಡದಲ್ಲಿ ಹದಿನೈದಿಪ್ಪತ್ತು ನಿಮಿಷದ್ದು: ಹದಿನಾರು ವರ್ಷದ ಹುಡುಗಿಗೆ ಮದುವೆ ನಿಶ್ಚಯ ಆಗಿದೆ, ಅಜ್ಜಿ ಬಾಗಿಲಲ್ಲೇ ನಿಲ್ಲಿಸಿ "ನಮ್ಮನೆ ವಿಷಯ ನಿಮಗ್ಯಾಕ್ರೀ" ಅಂತಾರೆ, ಆಗ ಮೊದಲನೇ ಮಾತು ಏನು ಆಡ್ಬೇಕು? ಕನ್ನಡವೇ ಬಾರದ ಅಸ್ಸಾಂ ಕಡೆ ಕೂಲಿ ಕುಟುಂಬದ ಮಗು ಶಾಲೆ ಬಿಟ್ಟಿದೆ, ಎಲ್ಲಿಂದ ಶುರು ಮಾಡ್ಬೇಕು? ಇದನ್ನೆಲ್ಲ ಮಾಡಿ ಅನುಭವ ಇರೋ ಸೀನಿಯರ್‌ಗಳು ನಮ್ಮ ಜಿಲ್ಲೆಲೇ ಇದ್ದಾರೆ, ಪಕ್ಕದ ಹಾಸನದಲ್ಲೂ ಇದ್ದಾರೆ, ಒಂದು ಫೋನ್ ಇದ್ರೆ ರೆಕಾರ್ಡ್ ಮಾಡಬಹುದು. ನಿಜವಾದ ಕೇಸ್ ಬೇಡ, ಕಟ್ಟಿದ ಸನ್ನಿವೇಶ ಸಾಕು. ಕೇಳಿದ್ದನ್ನ ಆ ವಾರದ ಕಾಲ್‌ನಲ್ಲಿ ಮಾತಾಡಿದ್ರೇನೇ ತಲೇಲಿ ಉಳಿಯೋದು, ಬರೀ ಕೇಳಿಬಿಟ್ರೆ ಮಾರನೇ ದಿನಕ್ಕೆ ಮರೆತುಹೋಗುತ್ತೆ.

ಸಂಸ್ಥೆ ನಡೆಸೋರಲ್ಲಿ ನನ್ನ ವಿನಂತಿ ಇಷ್ಟೇ. ವಾರಕ್ಕೆ ಒಂದು ಗಂಟೆಯನ್ನ ಡ್ಯೂಟಿ ಅಂತ ಟೂರ್ ಡೈರಿಲಿ ಬರ್ಕೊಳ್ಳೋಕೆ ಬಿಡಿ, ಆ ಗಂಟೇಲಿ ಟಾರ್ಗೆಟ್ ಕೇಳ್ಬೇಡಿ, ಕೇಸ್ ಕೇಳೋ ಸೀನಿಯರ್‌ಗೆ ಮುಂದಿನ ಬಜೆಟ್‌ನಲ್ಲಿ ಗೌರವಧನ ಇಡಿ. ಮಲೆನಾಡಿನ ತಾಲೂಕುಗಳಲ್ಲಿ ಒಬ್ರೇ ಕೆಲಸ ಮಾಡ್ತಿರೋರು ಇದನ್ನ ಓದ್ತಿದ್ರೆ ಇನ್‌ಬಾಕ್ಸ್‌ಗೆ ಬನ್ನಿ, ಕೇಸ್ ವಿವರ ಬರೀಬೇಡಿ, ಯಾವ ದಿನ ಎಷ್ಟೊತ್ತಿಗೆ ನಿಮಗೆ ನೆಟ್‌ವರ್ಕ್ ಸಿಗುತ್ತೆ ಅಂತ ಮಾತ್ರ ತಿಳಿಸಿ, ನಾನು ಫೋನ್ ಮಾಡ್ತೀನಿ.