ಸ್ಪಷ್ಟನೆ: ನಾಲ್ಕೈದು ದಿನದ ಜಪಾನ್ ಪ್ರವಾಸಕ್ಕೆ ರೈಲು ಪಾಸ್ ಬೇಕೇ?

'ಜಪಾನಿಗೆ ಹೋಗುವವರು ಇಲ್ಲಿಂದಲೇ ಜೆಆರ್ ಪಾಸ್ ಕೊಂಡುಬಿಡಿ, ಬುಲೆಟ್ ರೈಲು ಪುಕ್ಕಟೆ' ಎಂಬ ಸಲಹೆ ವಾಟ್ಸಾಪ್ ಗುಂಪುಗಳಲ್ಲಿ ಮತ್ತೆ ಓಡಾಡುತ್ತಿದೆ. ಜೆಆರ್ ಪಾಸ್ ಎಂದರೆ ಜಪಾನಿನ ಜೆಆರ್ ಕಂಪನಿಗಳ ರೈಲುಗಳಲ್ಲಿ ದೇಶವಿಡೀ ಓಡಾಡಲು ವಿದೇಶಿ ಪ್ರವಾಸಿಗರಿಗಿರುವ ಪಾಸ್. ಆ ಸಲಹೆ ಹಳೆಯ ಲೆಕ್ಕ. ಏಳು ದಿನದ ಸಾಮಾನ್ಯ ದರ್ಜೆಯ ಪಾಸ್ ಮೊದಲು 29,650 ಯೆನ್ ಇತ್ತು. 2023ರ ಅಕ್ಟೋಬರ್‌ನಲ್ಲಿ ಒಂದೇ ಏಟಿಗೆ 50,000 ಆಯಿತು. ಅದಕ್ಕಿಂತ ಕಡಿಮೆ ದಿನದ ರಾಷ್ಟ್ರೀಯ ಪಾಸ್ ಇಲ್ಲ.

ಟೋಕಿಯೊ–ಕ್ಯೋಟೊ ನಡುವೆ ಅತಿ ವೇಗದ ಬುಲೆಟ್ ರೈಲಾದ ನೊಝೊಮಿಯಲ್ಲಿ ಸೀಟು ಕಾಯ್ದಿರಿಸಿ ಹೋಗಿಬರಲು ಸುಮಾರು 28,000 ಯೆನ್. ಹಿರೋಶಿಮಾದವರೆಗೆ ಹೋಗಿ ಬಂದರೂ ಹೆಚ್ಚುಕಡಿಮೆ 40,000. ಮೊದಲ ಸಲ, ಅದೂ ನಾಲ್ಕು ದಿನಕ್ಕೆ ಹೋಗುವವರು ಇದಕ್ಕಿಂತ ದೂರ ಓಡುವುದು ಸುಸ್ತಿಗೆ ದಾರಿ, ಅಷ್ಟೇ. ಇನ್ನು ಪುಕ್ಕಟೆಯ ಮಾತು: ಪಾಸ್ ಇದ್ದರೂ ನೊಝೊಮಿ ಹತ್ತಲು ಪ್ರತ್ಯೇಕ ಹೆಚ್ಚುವರಿ ಶುಲ್ಕ ಕಟ್ಟಬೇಕು. ಅದಕ್ಕಿಂತ ತುಸು ನಿಧಾನದ ಹಿಕಾರಿ ಬುಲೆಟ್ ರೈಲಿಗೆ ಬೇಡ.

ಟೋಕಿಯೊ ಮೆಟ್ರೊ ಕೂಡ ಪಾಸಿನಲ್ಲಿ ಸೇರಿಲ್ಲ. ಊರೊಳಗಿನ ಓಡಾಟಕ್ಕೆ ಮೊದಲೇ ಹಣ ತುಂಬಿಸಿಕೊಳ್ಳುವ ಸುಯಿಕಾದಂಥ ಕಾರ್ಡ್ ಸಾಕು, ಕ್ಯೋಟೊದಲ್ಲೂ ನಡೆಯುತ್ತದೆ. ಬುಲೆಟ್ ರೈಲಿನ ಟಿಕೆಟ್ ಮಾತ್ರ ಬೇರೆ.

ನಮ್ಮವರ ದೊಡ್ಡ ಸೂಟ್‌ಕೇಸ್ ವಿಷಯಕ್ಕೆ ಬಂದರೆ, ಉದ್ದ, ಅಗಲ, ಎತ್ತರ ಕೂಡಿಸಿದಾಗ 160 ಸೆಂ.ಮೀ. ಮೀರಿದರೆ ಟೋಕಿಯೊ–ಕ್ಯೋಟೊ ಮಾರ್ಗದಲ್ಲಿ ಲಗೇಜ್ ಜಾಗವಿರುವ ಸೀಟನ್ನೇ ಕಾಯ್ದಿರಿಸಬೇಕು. ಅದಕ್ಕೆ ಹೆಚ್ಚಿನ ಹಣವಿಲ್ಲ. ಕಾಯ್ದಿರಿಸದೆ ತಂದರೆ ದಂಡ ಬೀಳುತ್ತದೆ. ಸೀಟು ಆರಿಸುವಾಗ ಸಾಮಾನ್ಯ ದರ್ಜೆಯಲ್ಲಿ ಕಿಟಕಿ ಪಕ್ಕದ 'ಇ' ಸೀಟು ಕೇಳಿ. ಮೋಡವಿಲ್ಲದಿದ್ದರೆ ಟೋಕಿಯೊ ಬಿಟ್ಟು ಮುಕ್ಕಾಲು ಗಂಟೆಯೊಳಗೆ ಬಲಗಡೆ ಫುಜಿ ಪರ್ವತ ಕಾಣುತ್ತದೆ.