ಜಲಪಾತದ ಮೇಲೆ ಹೆಲಿಕಾಪ್ಟರ್: ಹತ್ತಬೇಕೇ, ಬೇಡವೇ?

ಜಾಂಬಿಯಾ ಮತ್ತು ಜಿಂಬಾಬ್ವೆ ದೇಶಗಳ ಗಡಿಯಲ್ಲಿರುವ ವಿಕ್ಟೋರಿಯಾ ಜಲಪಾತಕ್ಕೆ ಒಂದೇ ತಂಡದಲ್ಲಿ ಹೋಗಿಬಂದ ಇಬ್ಬರು ಇಲ್ಲಿ ಬರೆದಿದ್ದಾರೆ. ಒಬ್ಬರು ಹಾಸನದ ನಿವೃತ್ತ ಭೂಗೋಳ ಶಿಕ್ಷಕರು. ಅವರು ಹೆಲಿಕಾಪ್ಟರ್ ಹತ್ತಿದರು. ಇನ್ನೊಬ್ಬರು ಚಿಕ್ಕಮಗಳೂರು ತಾಲ್ಲೂಕಿನ ಆಲ್ದೂರು ಕಡೆಯ ಕಾಫಿ ಬೆಳೆಗಾರ್ತಿ. ಅವರು ಕೆಳಗೇ ಉಳಿದರು.

ಪರ: ನೆಲದಿಂದ ಕಾಣುವುದು ಒಂದು ತುಂಡು

ಜೋಗದ ಮೇಲೆ ಹೆಲಿಕಾಪ್ಟರ್ ಹಾರಿಸಿ ಎಂದು ನಾನು ಕೇಳುತ್ತಿಲ್ಲ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು, ಇಲ್ಲದಿದ್ದರೆ ನಮ್ಮ ಮಲೆನಾಡಿನ ಗೆಳೆಯರು ಮುಂದಿನ ಸಾಲನ್ನೇ ಓದುವುದಿಲ್ಲ. ಜೋಗಕ್ಕೆ ಅದರ ಅಗತ್ಯವೇ ಇಲ್ಲ. ಶರಾವತಿ 253 ಮೀಟರ್ ಆಳಕ್ಕೆ ಧುಮುಕುವ ಕಣಿವೆಯ ಎದುರಿಗೆ ಬಂದು ನಿಂತರೆ ರಾಜ, ರಾಣಿ, ರೋರರ್, ರಾಕೆಟ್ ನಾಲ್ಕೂ ಒಂದೇ ನೋಟಕ್ಕೆ ಸಿಗುತ್ತವೆ. ಮಂಜು ಮುಚ್ಚಿದ್ದರೆ ಒಂದು ಕಾಫಿ ಕುಡಿದು ಕಾಯಬೇಕು, ಅಷ್ಟೇ. ಹೆಬ್ಬೆಗೂ ಬೇಡ. ಜೀಪಿನಲ್ಲಿ ಮೈಕೈ ನೋಯಿಸಿಕೊಂಡು ಹೋಗಿ ಸ್ವಲ್ಪ ನಡೆದರೆ ನೀರು ಬೀಳುವ ಬುಡಕ್ಕೇ ತಲುಪುತ್ತೇವೆ.

ವಿಕ್ಟೋರಿಯಾದ ಮಾತು ಬೇರೆ. ಅಲ್ಲಿ ಬೆಟ್ಟವಿಲ್ಲ, ಘಟ್ಟವಿಲ್ಲ. ಜಾಂಬೆಜಿ ನದಿ ಸಮತಟ್ಟಾದ ಪ್ರಸ್ಥಭೂಮಿಯ ಮೇಲೆ ಅವಸರವಿಲ್ಲದೆ ಹರಿದು ಬಂದು, 1,708 ಮೀಟರ್ ಉದ್ದಕ್ಕೂ ನೆಲದಲ್ಲೇ ಬಾಯ್ತೆರೆದ ಒಂದು ಬಿರುಕಿಗೆ ಬೀಳುತ್ತದೆ. ಹೆಚ್ಚೆಂದರೆ 108 ಮೀಟರ್ ಆಳ. ಬಿರುಕಿನ ಎದುರು ದಂಡೆಯೂ ನದಿಯಷ್ಟೇ ಎತ್ತರದಲ್ಲಿದೆ, ಅದೂ ತೀರಾ ಹತ್ತಿರದಲ್ಲಿ. ನೋಡುಗರು ನಿಲ್ಲುವುದು ಆ ದಂಡೆಯ ಮೇಲೆ. ಹಿಂದೆ ಸರಿದು ನೋಡೋಣವೆಂದರೆ ಮರಗಳು ಅಡ್ಡ ಬರುತ್ತವೆ. ಹೀಗಾಗಿ ಎಲ್ಲಿ ನಿಂತರೂ ಕಣ್ಣಿಗೆ ಸಿಗುವುದು ಒಂದು ತುಂಡು ಮಾತ್ರ.

ಅದೂ ನೀರು ಕಡಿಮೆ ಇದ್ದಾಗ. ನಾವು ಹೋದದ್ದು ನಮ್ಮ ಬೇಸಿಗೆ ರಜೆಯಲ್ಲಿ, ಏಪ್ರಿಲಿನಲ್ಲಿ. ಅಲ್ಲಿ ಮಳೆಗಾಲ ಮಾರ್ಚಿಗೆಲ್ಲ ಮುಗಿಯುತ್ತ ಬರುತ್ತದೆ. ಆದರೆ ಮೇಲ್ಭಾಗದಲ್ಲಿ ಬಿದ್ದ ಮಳೆ ಬರೋಟ್ಸೆಯ ವಿಶಾಲ ನೆರೆಬಯಲನ್ನು ತುಂಬಿ, ನಿಧಾನವಾಗಿ ಇಳಿದು ಬರುವುದರಿಂದ ಜಲಪಾತಕ್ಕೆ ತುಂಬು ನೀರು ಬರುವುದು ಏಪ್ರಿಲ್ ಹೊತ್ತಿಗೆ. ಬಿರುಕಿನಿಂದ ಮೇಲೆದ್ದ ತುಂತುರು ಎದುರಿನ ದಂಡೆಯ ಮೇಲೆ ಜಡಿಮಳೆಯಾಗಿ ಸುರಿಯುತ್ತದೆ. ಬಾಡಿಗೆಯ ಮಳೆಯಂಗಿ ತೊಟ್ಟು, ಕನ್ನಡಕ ಒರೆಸಿಕೊಳ್ಳುತ್ತ, ಇಷ್ಟು ದೂರ ಬಂದು ನಾನು ನೋಡಿದ್ದು ಬರೀ ಬಿಳುಪು. ಸದ್ದು ಕೇಳಿತು, ಮೈ ನೆನೆಯಿತು, ಜಲಪಾತ ಮಾತ್ರ ಕಾಣಲಿಲ್ಲ.

ಮರುದಿನ ಬೆಳಿಗ್ಗೆ ಹೆಲಿಕಾಪ್ಟರ್ ಹತ್ತಿದೆ. ಹತ್ತುವ ಮೊದಲು ಎಲ್ಲರನ್ನೂ ಕಾಫಿ ಮೂಟೆಗಳಂತೆ ಒಬ್ಬೊಬ್ಬರಾಗಿ ತಕ್ಕಡಿಯ ಮೇಲೆ ನಿಲ್ಲಿಸಿ ತೂಕ ಬರೆದುಕೊಂಡರು. ಕಿಟಕಿಯ ಪಕ್ಕದ ಜಾಗ ಮೊದಲು ಬಂದವರಿಗಲ್ಲ, ಹಣ ಹೆಚ್ಚು ಕೊಟ್ಟವರಿಗೂ ಅಲ್ಲ. ಭಾರ ಎರಡೂ ಕಡೆ ಸರಿತೂಗುವಂತೆ ಯಾರು ಎಲ್ಲಿ ಕೂರಬೇಕೆಂದು ಅವರೇ ಗೊತ್ತುಮಾಡುತ್ತಾರೆ. ಟೋಪಿ, ಶಾಲು, ಕೈಚೀಲ ಎಲ್ಲ ಕೆಳಗೇ ಬಿಡಬೇಕು. ಕಿವಿಗೆ ದಪ್ಪ ಹೆಡ್‌ಫೋನ್. ಮೇಲೇರಿದ ಮೇಲೆ ಚಾಲಕ ಒಮ್ಮೆ ಎಡಕ್ಕೆ, ಒಮ್ಮೆ ಬಲಕ್ಕೆ ಸುತ್ತು ಹಾಕಿ ಎರಡೂ ಬದಿಯವರಿಗೆ ನೋಟ ಸಿಗುವಂತೆ ನೋಡಿಕೊಂಡರು.

ಆಗ ಕಂಡದ್ದನ್ನು ಹೇಳಬೇಕಾದರೆ ನಾನು ಮತ್ತೆ ಮೇಷ್ಟ್ರಾಗಬೇಕು, ಓದುಗರು ಕ್ಷಮಿಸಬೇಕು. ಜಲಪಾತ ಹಿಂದಕ್ಕೆ ಸರಿಯುತ್ತದೆ ಎಂದು ಕಲಿಸುವಾಗ ನಾವು ಕಪ್ಪುಹಲಗೆಯ ಮೇಲೆ ಬರೆಯುವುದು ಒಂದೇ ಚಿತ್ರ: ಮೇಲೆ ಗಟ್ಟಿ ಶಿಲೆ, ಕೆಳಗೆ ಮೆದು ಶಿಲೆ, ಬುಡ ಕೊರೆದು ಹೋಗಿ ಮೇಲಿನದು ಕುಸಿಯುತ್ತದೆ. ಅದು ನಯಾಗರದ ಕಥೆ. ಇಲ್ಲಿ ನಡೆದದ್ದು ಬೇರೆ. ಸುಮಾರು 18 ಕೋಟಿ ವರ್ಷಗಳ ಹಿಂದೆ ಹರಿದು ಗಟ್ಟಿಯಾದ ಲಾವಾದ ಕಪ್ಪು ಬಸಾಲ್ಟ್ ಶಿಲೆಯಲ್ಲಿ ಉದ್ದುದ್ದ ಬಿರುಕುಗಳಿದ್ದವು. ಅವುಗಳಲ್ಲಿ ಮೆದುವಾದ ಮಡ್ಡಿ ತುಂಬಿಕೊಂಡಿತ್ತು. ನದಿ ಒಂದು ಬಿರುಕಿನ ಮಡ್ಡಿಯನ್ನು ಕೊಚ್ಚಿ ಅದರೊಳಗೆ ಬಿದ್ದಿತು. ಆಮೇಲೆ ಅಂಚಿನಲ್ಲಿ ಒಂದು ಕಡೆ ಕೊರೆದು ಹಿಂದಿನ ಬಿರುಕನ್ನು ಹಿಡಿಯಿತು. ಮತ್ತೆ ಅದರ ಹಿಂದಿನದನ್ನು. ಮೇಲಿನಿಂದ ನೋಡಿದರೆ ಕೆಳಭಾಗದ ಕಮರಿಗಳು ಎಡಕ್ಕೊಮ್ಮೆ ಬಲಕ್ಕೊಮ್ಮೆ ಚೂಪಾಗಿ ಮುರಿದುಕೊಂಡು ಹೋಗುತ್ತವೆ. ಅವೆಲ್ಲ ಒಂದೊಂದು ಕಾಲದ ಜಲಪಾತಗಳೇ. ಪಶ್ಚಿಮದ ತುದಿಯಲ್ಲಿ ಡೆವಿಲ್ಸ್ ಕ್ಯಾಟರಾಕ್ಟ್ ಎಂಬ ಭಾಗ ಉಳಿದುದಕ್ಕಿಂತ ತಗ್ಗಾಗಿದೆ; ನದಿ ಮುಂದಿನ ಬಿರುಕನ್ನು ಅಲ್ಲಿಂದ ಕೊರೆಯಲು ಹೊರಟಂತಿದೆ. ಇದೆಲ್ಲ ದಂಡೆಯ ಮೇಲೆ ಎಷ್ಟು ಹೊತ್ತು ನಿಂತರೂ ತಿಳಿಯುವುದಿಲ್ಲ. ಮೇಲೆ ಹೋದ ಎರಡನೆಯ ನಿಮಿಷಕ್ಕೆ ತಿಳಿಯುತ್ತದೆ.

1855ರ ನವೆಂಬರಿನಲ್ಲಿ ದೋಣಿಯಲ್ಲಿ ಅಂಚಿನ ದ್ವೀಪಕ್ಕೆ ಬಂದ ಡೇವಿಡ್ ಲಿವಿಂಗ್‌ಸ್ಟನ್ ಬಿರುಕಿನ ತುದಿಗೆ ತೆವಳಿ ಇಣುಕಿದ. ದೇವದೂತರು ಹಾರುವಾಗ ನೋಡಿ ನಿಂತಿರಬೇಕಾದ ಸೊಬಗು ಎಂಬರ್ಥದಲ್ಲಿ ಬರೆದ. ಹಾರಾಟದ ಕಂಪನಿಗಳು ಇಂದಿಗೂ ಆ ಮಾತನ್ನು ಮಾರುತ್ತಿವೆ. ಆದರೆ ಆತ ಅಗಲವನ್ನೂ ಆಳವನ್ನೂ ನಿಜಕ್ಕಿಂತ ಬಹಳ ಕಡಿಮೆ ಅಂದಾಜು ಮಾಡಿದ್ದ. 1860ರಲ್ಲಿ ಮತ್ತೆ ಬಂದು ಅಳೆಯಬೇಕಾಯಿತು. ಅಷ್ಟು ಹತ್ತಿರದಿಂದ ನೋಡಿದವನ ಅಂದಾಜೇ ತಪ್ಪಿತು ಎಂದರೆ ಜಾಗ ಎಂಥದ್ದಿರಬೇಕು!

ಇನ್ನೊಂದು ವಿಷಯ. ನನ್ನ ಹೆಂಡತಿಗೆ ಎರಡೂ ಮಂಡಿಗಳ ಶಸ್ತ್ರಚಿಕಿತ್ಸೆಯಾಗಿದೆ. ಕಮರಿಯ ತಳದ ಸುಳಿಯತ್ತ ಇಳಿಯುವ ಮೆಟ್ಟಿಲು ದಾರಿ ಅವಳಿಗೆ ಆಗದ ಮಾತು. ಪ್ರಕೃತಿಯನ್ನು ನಡೆದೇ ನೋಡಬೇಕು ಎನ್ನುವವರ ಕಾಲು ಸಾಮಾನ್ಯವಾಗಿ ಗಟ್ಟಿಯಾಗಿರುತ್ತದೆ.

ಸದ್ದಿನ ದೂರು ಸುಳ್ಳಲ್ಲ, ಅಪಾಯವೂ ಸುಳ್ಳಲ್ಲ. ಅದಕ್ಕೆ ಮದ್ದು ನಿಯಮ. ಅಮೆರಿಕದ ಗ್ರ್ಯಾಂಡ್ ಕ್ಯಾನ್ಯನ್ ಮೇಲೆ 1986ರಲ್ಲಿ ಪ್ರವಾಸಿಗರ ಹೆಲಿಕಾಪ್ಟರ್ ಮತ್ತು ಸಣ್ಣ ವಿಮಾನ ಡಿಕ್ಕಿಯಾಗಿ 25 ಜನ ಸತ್ತ ಮೇಲೆ, 1987ರಲ್ಲಿ ಕಾನೂನು ಬಂತು. ಹಾರುವ ದಾರಿ ಯಾವುದು, ಎತ್ತರ ಎಷ್ಟು, ಹಾರಲೇಬಾರದ ಜಾಗ ಯಾವುದು ಎಂದು ನಿಗದಿಯಾಯಿತು. ಹಾರಾಟ ನಿಲ್ಲಲಿಲ್ಲ, ಶಿಸ್ತಿಗೆ ಬಂತು. ಕಾಲು ಗಂಟೆಗೆ ತಲೆಗೆ ಸುಮಾರು ಹದಿನೈದು ಸಾವಿರ ರೂಪಾಯಿ ಕೊಟ್ಟೆವು. ನನ್ನ ಪಿಂಚಣಿಗೆ ಅದು ಸಣ್ಣ ಮೊತ್ತವಲ್ಲ. ಆದರೆ ಅಲ್ಲಿಯವರೆಗೆ ಹೋಗಲು ಖರ್ಚಾದ ಲಕ್ಷಗಳನ್ನು ಬಿಳಿಯ ಮಂಜೊಂದಕ್ಕೆ ಕೊಟ್ಟು ಬರುವುದಕ್ಕಿಂತ ಇದು ಸೋವಿ.

ವಿರೋಧ: ನೋಡುವವರು ಮೇಲೆ, ಕೇಳುವವರು ಕೆಳಗೆ

ಮೇಷ್ಟ್ರು ಹೇಳಿದ ಭೂವಿಜ್ಞಾನವನ್ನು ನಾನು ತಿದ್ದಲಾರೆ. ಅವರು ಇಳಿದು ಬಂದು ಹೋಟೆಲಿನ ಕಾಗದದ ಕರವಸ್ತ್ರದ ಮೇಲೆ ಕಮರಿಗಳ ಚಿತ್ರ ಬರೆದು ತೋರಿಸಿದಾಗ ನನಗೂ ಅರ್ಥವಾಯಿತು. ಅರ್ಥವಾಗಲು ಆ ಕರವಸ್ತ್ರವೇ ಸಾಕಾಯಿತು ಎಂಬುದನ್ನು ಮಾತ್ರ ಗಮನಕ್ಕೆ ತರುತ್ತೇನೆ.

ದುಡ್ಡಿನ ಮಾತು ಎತ್ತುವುದಿಲ್ಲ. ಹದಿನೈದು ಸಾವಿರ ಎಂದರೆ ನಮ್ಮ ತೋಟದ ಕೆಲಸದವರ ಹೆಚ್ಚುಕಡಿಮೆ ಒಂದು ತಿಂಗಳ ಕೂಲಿ, ನಿಜ. ಆದರೆ ಆ ಲೆಕ್ಕ ಹಿಡಿದರೆ ನಾನು ಆಫ್ರಿಕಕ್ಕೆ ಹೋದದ್ದನ್ನೂ ಸಮರ್ಥಿಸಿಕೊಳ್ಳಲಾಗದು.

ನನ್ನ ತಕರಾರು ಇಷ್ಟೇ: ನೋಡುವ ಸುಖ ಮೇಲಿನವರದು, ಸದ್ದಿನ ಪಾಲು ಕೆಳಗಿನವರದು, ಮತ್ತು ಕೆಳಗಿನವರನ್ನು ಯಾರೂ ಕೇಳಿರುವುದಿಲ್ಲ. ಮೇಲಿದ್ದವರಿಗೆ ಇದು ಗೊತ್ತಾಗುವ ಸಂಭವವೇ ಇಲ್ಲ; ಅವರ ಕಿವಿಗೆ ಮೊದಲೇ ದಪ್ಪ ಹೆಡ್‌ಫೋನ್ ಹಾಕಿರುತ್ತಾರೆ.

ಮೇಷ್ಟ್ರು ಮೇಲಿದ್ದ ಹೊತ್ತಿನಲ್ಲಿ ನಾನು ಜಾಂಬಿಯಾ ಬದಿಯ ನೈಫ್ ಎಡ್ಜ್ ಸೇತುವೆಯ ಮೇಲಿದ್ದೆ. ನ್ಯಾಯವಾಗಿ ಹೇಳಬೇಕೆಂದರೆ ಅಲ್ಲಿ ಹೆಲಿಕಾಪ್ಟರ್ ಕೇಳಿಸಲೇ ಇಲ್ಲ. ಪಕ್ಕದಲ್ಲಿದ್ದ ಮಗಳು ಕೂಗಿದ್ದೂ ಕೇಳಿಸಲಿಲ್ಲ. ನೀರು ಮೇಲಿನಿಂದ ಬೀಳುವುದರ ಜೊತೆಗೆ ಕೆಳಗಿನಿಂದಲೂ ಏರಿ ಬಂದು ಮಳೆಯಂಗಿಯ ಒಳಗೆ ನುಗ್ಗುತ್ತಿತ್ತು. ಬಿಸಿಲು ಬಿದ್ದಾಗ ಕಾಮನಬಿಲ್ಲು ಆಕಾಶದಲ್ಲಿ ಅಲ್ಲ, ನಮ್ಮ ಕಾಲ ಬಳಿಯೇ ಸುತ್ತುಗಟ್ಟಿತು. ಮೇಷ್ಟ್ರು ಇದನ್ನು ಬರೀ ಬಿಳುಪು ಎನ್ನುತ್ತಾರೆ. ಆಷಾಢದಲ್ಲಿ ನಮ್ಮ ಅಂಗಳದಿಂದ ಎದುರಿನ ಗುಡ್ಡ ವಾರಗಟ್ಟಲೆ ಕಾಣುವುದಿಲ್ಲ. ಹಾಗೆಂದು ನಾವು ಮಳೆಗಾಲ ನೋಡಿಲ್ಲವೆಂದು ಹೇಳುವುದಿಲ್ಲ.

ಸದ್ದು ಕೇಳಿಸಿದ್ದು ಸೇತುವೆ ದಾಟಿ ವಾಪಸು ಬರುವ ದಾರಿಯಲ್ಲಿ. ಮರಗಳ ನಡುವೆ ನೀರಿನ ಮೊರೆತ ಹಿಂದೆ ಉಳಿದು ಹಕ್ಕಿಗಳ ದನಿ ಕೇಳತೊಡಗಿದ್ದ ಜಾಗದಲ್ಲಿ. ಒಂದು ಹೆಲಿಕಾಪ್ಟರ್ ದೂರವಾಗುವಷ್ಟರಲ್ಲಿ ಇನ್ನೊಂದು. ಅದೇ ಸುತ್ತು, ಅದೇ ಎಂಟರ ಆಕಾರ. ನಮಗಾದರೆ ಅದು ಒಂದು ಬೆಳಗಿನ ಕಿರಿಕಿರಿ. ದಿನವೂ ಅದರ ಕೆಳಗೇ ಇರುವವರಿಗೆ? ಆ ಕಮರಿಗಳ ಬಂಡೆಗೋಡೆಗಳಲ್ಲಿ ಟೈಟಾ ಫಾಲ್ಕನ್ ಎಂಬ ಅಪರೂಪದ ಸಣ್ಣ ಡೇಗೆ ಗೂಡು ಕಟ್ಟುತ್ತದೆ. ಮೇಷ್ಟ್ರಿಗೆ ನಕ್ಷೆಯಾಗಿ ಕಂಡದ್ದು ಅದರ ಮನೆ.

ಸದ್ದಿಗೆ ಗಡಿ ಗೊತ್ತಿಲ್ಲ. ದಕ್ಷಿಣ ಅಮೆರಿಕದ ಇಗುವಾಸು ಜಲಪಾತವನ್ನು ಬ್ರೆಜಿಲ್ ಮತ್ತು ಅರ್ಜೆಂಟೀನಾ ಹಂಚಿಕೊಂಡಿವೆ. ಬ್ರೆಜಿಲ್ ಕಡೆಯಿಂದ ಹೆಲಿಕಾಪ್ಟರ್ ಹಾರುತ್ತದೆ, ಅರ್ಜೆಂಟೀನಾ ಕಡೆಯಿಂದ ಇಲ್ಲ. ಕಾಡು ಮಾತ್ರ ಎರಡೂ ದಂಡೆಗಳಲ್ಲಿ ಒಂದೇ. ಒಬ್ಬರು ಬೇಡವೆಂದರೂ ಸದ್ದಿನ ಪಾಲು ಅವರಿಗೂ ತಪ್ಪುವುದಿಲ್ಲ.

ಇನ್ನು ಮೇಷ್ಟ್ರ ನಿಯಮದ ಮಾತು. ಅವರದೇ ಉದಾಹರಣೆಯಲ್ಲಿ 25 ಜನ ಮೊದಲು ಸತ್ತರು, ನಿಯಮ ಆಮೇಲೆ ಬಂತು. ನಮ್ಮ ದೇಶದಲ್ಲಿ ಕೇದಾರನಾಥದ ದಾರಿಯನ್ನು ನೋಡಿ. ಕಣಿವೆಯಲ್ಲಿ ಮೋಡ ಯಾವ ಕ್ಷಣ ಇಳಿಯುತ್ತದೆಂದು ಯಾರೂ ಹೇಳಲಾರರು, ಆದರೆ ಸಾಲಿನಲ್ಲಿ ಕಾಯುವ ಜನ ಇದ್ದಾರೆ, ಹಾರಲೇಬೇಕು. 2025ರ ಜೂನ್ 15ರಂದು ಗೌರಿಕುಂಡದ ಬಳಿ ಹೆಲಿಕಾಪ್ಟರ್ ಬಿದ್ದು ಏಳು ಜನ ಹೋದರು. ಅಲ್ಲಿಯೂ ನಿಯಮಗಳಿದ್ದವು.

ಮಂಡಿನೋವಿನ ವಿಷಯದಲ್ಲಿ ನನಗೆ ಅಮ್ಮನವರ ಮೇಲೆ ಪೂರ್ತಿ ಸಹಾನುಭೂತಿ ಇದೆ, ಅವರಿಗೆ ಇದನ್ನು ಅಲ್ಲಿಯೇ ಹೇಳಿದ್ದೆ: ಗಡಿಯ ಸೇತುವೆ ದಾಟಿ ಜಿಂಬಾಬ್ವೆ ಬದಿಗೆ ಹೋದರೆ ಜಲಪಾತದ ಎದುರಿನ ಕಾಲುದಾರಿ ಬಹುಪಾಲು ಮಟ್ಟಸ, ಗಾಲಿಕುರ್ಚಿಯನ್ನೂ ತಳ್ಳಿಕೊಂಡು ಹೋಗಬಹುದು. ನಡೆಯಲಾರದವರಿಗೆ ಬೇಕಾದ್ದು ಒಳ್ಳೆಯ ದಾರಿ, ಆಸರೆಯ ಕಂಬಿ, ಅಲ್ಲಲ್ಲಿ ಒಂದು ಬೆಂಚು. ಹೆಬ್ಬೆಯಲ್ಲಿ, ಸಿರಿಮನೆಯಲ್ಲಿ, ಮಾಣಿಕ್ಯಧಾರದಲ್ಲಿ ಅದನ್ನು ಕೇಳೋಣ, ನಾನೂ ಸಹಿ ಹಾಕುತ್ತೇನೆ. ಹದಿನೈದು ಸಾವಿರ ಇದ್ದವರಿಗೆ ಮಾತ್ರ ಸಿಗುವ ಅನುಕೂಲವನ್ನು ವಯಸ್ಸಾದವರ ಹೆಸರಿನಲ್ಲಿ ಮಾರುವುದು ಬೇಡ.

ಜೋಗಕ್ಕೆ ಬೇಡ, ಹೆಬ್ಬೆಗೆ ಬೇಡ ಎಂದು ಮೇಷ್ಟ್ರು ಮೊದಲೇ ಗೆರೆ ಎಳೆದಿದ್ದಾರೆ. ಅವರ ಗೆರೆ ಯಾರು ಕೇಳುತ್ತಾರೆ? ಮೈಸೂರಿನಲ್ಲಿ ದಸರಾ ಹೊತ್ತಿನ ಕೆಲವು ದಿನಗಳ ಮೋಜಿನ ಹಾರಾಟವಾಗಿ ಜನ ನೋಡಿದ್ದು, 2021ರ ಹೊತ್ತಿಗೆ ಲಲಿತಮಹಲ್ ಬಳಿ ಮರ ಕಡಿದು ಹೆಲಿ ಪ್ರವಾಸೋದ್ಯಮ ಮಾಡುವ ಪ್ರಸ್ತಾವವಾಗಿತ್ತು. ಊರಿನವರು ಬೀದಿಗಿಳಿದು ವಿರೋಧಿಸಬೇಕಾಯಿತು. ನಮ್ಮ ಜಿಲ್ಲೆಯಲ್ಲಿ ಮುಳ್ಳಯ್ಯನಗಿರಿಗೆ ಮೊದಲು ನಡೆದು ಹೋಗುತ್ತಿದ್ದರು, ಆಮೇಲೆ ಬೈಕು, ಆಮೇಲೆ ಕಾರು. ಈಗ ಶನಿವಾರ ಭಾನುವಾರ ಗಿರಿಯ ರಸ್ತೆಯಲ್ಲಿ ಗಾಡಿ ಸಾಲುಗಟ್ಟಿ ನಿಲ್ಲುತ್ತದೆ, ಮುಂಗಡ ನೋಂದಣಿ ಮಾಡಿಸಬೇಕಾದ ಸ್ಥಿತಿ ಬಂದಿದೆ. ಪ್ರವಾಸಿಗರಿಂದ ನಮ್ಮಲ್ಲಿ ಅನೇಕರ ಹೊಟ್ಟೆ ತುಂಬುತ್ತಿದೆ, ನಮ್ಮದೂ ಎರಡು ಕೋಣೆಯ ಹೋಂಸ್ಟೇ ಇದೆ. ಆದ್ದರಿಂದಲೇ ಹೇಳುತ್ತಿದ್ದೇನೆ: ಬೇರೆಯವರ ಊರಿನಲ್ಲಿ ನಾವು ಪ್ರವಾಸಿಗರು, ನಮ್ಮ ಊರಿನಲ್ಲಿ ನಾವೇ ಕೆಳಗಿನವರು.

ಇಲ್ಲಿ ಕೆಳಗೆ ಆನೆಯೂ ಇದೆ. ಆಲೂರು, ಸಕಲೇಶಪುರ, ಬೇಲೂರು, ಮೂಡಿಗೆರೆ, ನಮ್ಮ ಆಲ್ದೂರು, ಎಲ್ಲ ಕಡೆ ಹಗಲಿನಲ್ಲಿ ಹಿಂಡು ತೋಟದ ಮರದ ನೆರಳಿನಲ್ಲೇ ನಿಂತಿರುತ್ತದೆ. ಇಂಥ ಕಡೆ ಆನೆ ಇದೆ ಎಂದು ಬೆಳಿಗ್ಗೆ ಮೊಬೈಲಿಗೆ ಸುದ್ದಿ ಬಂದರೆ ಆ ಬ್ಲಾಕಿಗೆ ಆಳು ಕಳಿಸುವುದಿಲ್ಲ, ಪಕ್ಕದ ಬ್ಲಾಕಿನಲ್ಲಿ ಹಣ್ಣು ಕೊಯ್ಯುತ್ತಾರೆ. ನಡುವೆ ಇರುವುದು ಒಂದು ಬೇಲಿ, ಕೆಲವೊಮ್ಮೆ ಅದೂ ಇಲ್ಲ. ಒಂದು ಪಟಾಕಿ ಹೊಡೆದರೂ ಹಿಂಡು ಯಾವ ಕಡೆಗೆ ತಿರುಗುತ್ತದೆಂದು ಎದೆ ಹೊಡೆದುಕೊಳ್ಳುತ್ತದೆ. ಆ ಹೊತ್ತಿಗೆ ತಲೆಯ ಮೇಲೆ ಹೆಲಿಕಾಪ್ಟರ್ ತಗ್ಗಿನಲ್ಲಿ ಬಂದು ಜಲಪಾತ ತೋರಿಸಲು ವಾಲಿ ತಿರುಗಿದರೆ, ಓಡಬೇಕಾದವರು ಕುಕ್ಕೆ ಕಟ್ಟಿಕೊಂಡು ನಿಂತ ಹೆಂಗಸರು.

ನಮ್ಮ ಭಾಗದವರು ಹೆಲಿಕಾಪ್ಟರನ್ನೇ ಕಾಣದವರೇನಲ್ಲ. 1981ರ ಮಹಾಮಸ್ತಕಾಭಿಷೇಕದಲ್ಲಿ ಶ್ರವಣಬೆಳಗೊಳದ ಬಾಹುಬಲಿಗೆ ಇಂದಿರಾ ಗಾಂಧಿಯವರು ಹೆಲಿಕಾಪ್ಟರಿನಿಂದ ಹೂಮಳೆ ಸುರಿಸಿದ್ದನ್ನು ನಮ್ಮ ಅತ್ತೆಯವರು ಇಂದಿಗೂ ಹೇಳುತ್ತಾರೆ. ಆದರೆ ಆ ಉತ್ಸವ ಬರುವುದು ಹನ್ನೆರಡು ವರ್ಷಕ್ಕೊಮ್ಮೆ. ಪ್ರವಾಸದ ಹೆಲಿಕಾಪ್ಟರ್ ಬಂದರೆ ದಿನಕ್ಕೆ ಹನ್ನೆರಡು ಸಲ ಬರುತ್ತದೆ.

ಆದ್ದರಿಂದ ಇಂಥ ಅರ್ಜಿ ನಮ್ಮ ಜಿಲ್ಲೆಗೆ ಯಾವತ್ತಾದರೂ ಬಂದರೆ ಅದು ಮೊದಲು ಹಾರುವ ದಾರಿಯ ಕೆಳಗಿನ ಪ್ರತಿ ಪಂಚಾಯಿತಿಯ ಗ್ರಾಮಸಭೆಗೆ ಬರಬೇಕು, ದಾರಿಯ ನಕ್ಷೆ, ಎತ್ತರ, ದಿನಕ್ಕೆ ಎಷ್ಟು ಸಲ ಎಂಬುದರ ಸಮೇತ. ಕೊಯ್ಲಿನ ತಿಂಗಳುಗಳಲ್ಲಿ, ಅಂದರೆ ನವೆಂಬರಿನಿಂದ ಫೆಬ್ರವರಿಯವರೆಗೆ, ಹಾರಾಟ ಇರಕೂಡದು. ಅದೇ ಪ್ರವಾಸಿಗರ ಋತುವೂ ಹೌದು. ಕಂಪನಿಯವರು ಒಪ್ಪುವುದಿಲ್ಲ, ಗೊತ್ತಿದೆ. ಸಭೆಗೆ ಮೇಷ್ಟ್ರೂ ಬರಲಿ, ನಕ್ಷೆ ಓದಿ ವಿವರಿಸಲು ನಮಗೆ ಒಬ್ಬರು ಬೇಕಾಗುತ್ತಾರೆ.